ಡಬ್ಬಿಯಲ್ಲಿ ಬದುಕಿದ ಏಳು ಗಿಡ

ಆ ಭಾನುವಾರವೂ ಐದು ಗಂಟೆಗೆ ನಲ್ಲಿ ಬಂತು. ಮೊದಲು ಬುಸ್ಸೆಂದು ಗಾಳಿ, ಆಮೇಲೆ ತುಕ್ಕಿನ ಬಣ್ಣದ ನಾಲ್ಕು ಹನಿ, ಆಮೇಲೆ ಧಾರೆ. ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನ ಎರಡನೆಯ ಮಾಳಿಗೆಗೆ ಮುಕ್ಕಾಲು ಗಂಟೆಯಷ್ಟೇ ನೀರು. ಮೊದಲು ಕುಡಿಯುವ ನೀರಿನ ಹಿತ್ತಾಳೆ ಕೊಡ, ಆಮೇಲೆ ತಾಮ್ರದ ಹಂಡೆ, ಆಮೇಲೆ ಬಕೆಟ್ಟುಗಳು, ಕಡೆಗೆ ಕೈಗೆ ಸಿಕ್ಕ ಪಾತ್ರೆ. ಈ ಕ್ರಮ ತಪ್ಪಿದರೆ ನನಗೆ ಇಡೀ ದಿನ ಏನೋ ಮರೆತ ಹಾಗೆ. ಇವರು ಖಾಲಿ ಬಾಟಲಿ ಹಿಡಿದು ಹಾಲಿನ ಬೂತಿಗೆ ಹೋದರು. ನಾನು ಸ್ಟೋವಿಗೆ ಗಾಳಿ ಹಾಕಿ ಚಹಕ್ಕೆ ಇಟ್ಟು, ಉಳಿದ ಅರ್ಧ ತಂಬಿಗೆ ನೀರನ್ನು ಗ್ಯಾಲರಿಗೆ ಒಯ್ದೆ.

ಗ್ಯಾಲರಿಯ ಕಟ್ಟೆಯ ಮೇಲೆ ವನಸ್ಪತಿ ತುಪ್ಪದ ಹಳೆಯ ಡಬ್ಬಿಯಲ್ಲಿ ಏಳು ಗಿಡಗಳಿದ್ದವು. ಗಿಡ ಎನ್ನುವುದೂ ಹೆಚ್ಚೇ. ಎಳೆ ಈರುಳ್ಳಿ ಸೊಪ್ಪಿನಂಥ, ಆದರೆ ಚಪ್ಪಟೆಯಾದ ಎಲೆಗಳು. ಒಂದೊಂದಕ್ಕೆ ಮೂರೋ ನಾಲ್ಕೋ. ಅವತ್ತು ನಾನು ಅವುಗಳನ್ನು ಲೋಕಲ್ ರೈಲಿನಲ್ಲಿ ಭಾಂಡುಪ್‌ವರೆಗೆ ಒಯ್ಯಬೇಕಿತ್ತು. ಗಾಳಿಗೆ ಬಾಗದಿರಲೆಂದು ಡಬ್ಬಿಯ ಸುತ್ತ ಹಳೆಯ ಟವೆಲ್ ಕಟ್ಟುತ್ತಿದ್ದೆ. ಪಕ್ಕದ ಮನೆಯ ಗೌರಕ್ಕ ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಹೊರಗೆ ಬಂದರು. ವಿಜಾಪುರದ ಕಡೆಯವರು, ಯಾವುದನ್ನು ಕಂಡರೂ ಒಂದು ಮಾತು ಹೇಳದೆ ಬಿಟ್ಟವರಲ್ಲ.

"ಏನ್ರೀ ವೈನಿ, ಮಾಸ್ತರಗೋಳ ಪಿಕ್‌ನಿಕ್ಕಿಗೆ ಉಳ್ಳಾಗಡ್ಡಿನೂ ಹೊಂಟಾವೇನು?"

"ಪಿಕ್‌ನಿಕ್ ಅಲ್ಲ ಗೌರಕ್ಕ, ಶಿಬಿರ. ಮತ್ತ ಇವು ಉಳ್ಳಾಗಡ್ಡಿ ಅಲ್ಲ ಅಂತ ಎಷ್ಟ ಸಲ ಹೇಳೇನಿ."

"ಹೇಳೀರಿ ಖರೆ. ನಾ ಉಳ್ಳಾಗಡ್ಡಿ ಹೊಲದಾಗ ಹುಟ್ಟಿದಾಕಿ ಇದ್ದೀನ್ರೀ," ಎಂದು ನಗುತ್ತಾ ಒಳಗೆ ಹೋದರು. ಎರಡು ತಿಂಗಳಿಂದ ಅವರು ಆ ಡಬ್ಬಿಯ ಮೇಲೆ ಕಣ್ಣಿಟ್ಟಿದ್ದರು.

ನಾನು ನಗಲಿಲ್ಲ. ಆ ಡಬ್ಬಿಯನ್ನು ಒಬ್ಬ ಮುದುಕಿಯ ಮುಂದೆ ಇಡಬೇಕಾಗಿತ್ತು. ಅವಳು ಏನನ್ನುತ್ತಾಳೋ ಎಂಬ ಚಿಂತೆ ಹಿಂದಿನ ದಿನದಿಂದ ನನ್ನನ್ನು ಬಿಟ್ಟಿರಲಿಲ್ಲ.

ಇದು ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನ ಮಾತು. ಈಚೆಗೆ ಮೊದಲ ಮಳೆಯ ಮರುದಿನ, ಸ್ಟೇಶನ್ನಿನ ಹೊರಗೆ ಒಬ್ಬಾಕೆ ಒದ್ದೆ ಗೋಣಿಯ ಮೇಲೆ ಕಾಡುಸೊಪ್ಪಿನ ಕಟ್ಟುಗಳನ್ನು ಹರವಿಕೊಂಡು ಕೂತಿದ್ದಳು. ಕೆಮ್ಮಣ್ಣು, ಕಡಿದ ಹಸಿ ಬೇರು, ಅದರ ಹಿಂದೆಯೇ ಬೆಳ್ಳುಳ್ಳಿಯಂಥದೊಂದು ಸಣ್ಣ ಘಾಟು. ನಾನು ಕೊಡೆ ಮಡಚುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ. ಆ ವಾಸನೆಯ ಜೊತೆ ಆ ಮಳೆಗಾಲ ಪೂರ್ತಿ ಎದ್ದು ಬಂತು.

ಇವರು ಪರೇಲಿನಲ್ಲಿ, ಗಿರಣಿ ಕೆಲಸಗಾರರ ಮಕ್ಕಳೇ ಹೆಚ್ಚಾಗಿದ್ದ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಹೆಡ್‌ಮಿಸ್ಟ್ರೆಸ್ ಶಾಂತಾಬಾಯಿ ಉಡುಪಿಯ ಕಡೆಯವರು. ಮದುವೆಯಾಗಿರಲಿಲ್ಲ, ಬೇಸಿಗೆ ಮಳೆಗಾಲ ಎರಡರಲ್ಲೂ ಒಂದೇ ಕಪ್ಪು ಕೊಡೆ. ವರ್ಷಕ್ಕೊಮ್ಮೆ ಶಿಕ್ಷಕರಿಗೆಲ್ಲ ಒಂದು ದಿನದ ಶಿಬಿರ ನಡೆಸುತ್ತಿದ್ದರು. ಫ್ಯಾನಿನ ಕೆಳಗೆ ನಾಲ್ಕು ಭಾಷಣ, ಮಧ್ಯಾಹ್ನ ಪುರಿ-ಭಾಜಿ, ಸಂಜೆ ವಂದನಾರ್ಪಣೆ. ಆ ವರ್ಷ ಐದನೆಯ ಇಯತ್ತೆಯ ಪಾಠದಲ್ಲಿ "ಕಾಡಿನ ಜನರು" ಎಂದು ಒಂದೂವರೆ ಪುಟ ಬಂತು. ಅವರು ಹಿಂದುಳಿದವರು, ಅವರಿಗೆ ನಾವು ಕಲಿಸಬೇಕು ಎಂದು ಅದರ ಸಾರಾಂಶ. ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ನೀವು ಅವರನ್ನ ನೋಡೀರೇನ್ರೀ?" ಎಂದಳಂತೆ. ಶಾಂತಾಬಾಯಿ ನೋಡಿರಲಿಲ್ಲ. ಸ್ಟಾಫ್‌ರೂಮಿನಲ್ಲಿ ಕೇಳಿದರೆ ಹದಿನಾಲ್ಕು ಮಂದಿಯಲ್ಲಿ ಒಬ್ಬರೂ ನೋಡಿರಲಿಲ್ಲ. ಅವರಿದ್ದಲ್ಲಿಗೆ ಸೆಂಟ್ರಲ್ ಲೈನಿನಲ್ಲಿ ಕೂತರೆ ಮುಕ್ಕಾಲು ಗಂಟೆಯ ದಾರಿ.

"ಈ ಸಲ ಭಾಷಣ ಬೇಡ ಮಾರಾಯ್ರೆ," ಎಂದು ನಮ್ಮ ಮನೆಗೇ ಬಂದು ಕೂತರು. "ನಾವೇ ಹೋಗಿ ಅವರ ಹತ್ರ ಕೂತು ಕಲಿಯುವಾ. ಗಿಡ ಮರ ಅಂತ ಬೋರ್ಡಿನ ಮೇಲೆ ಚಾಕಲ್ಲಿ ಬಿಡಿಸಿ ಬಿಡಿಸಿ ನನಗೇ ಬೇಜಾರು ಬಂದುಂಟು." ಅವರು ಇಂಗ್ಲಿಷಿನಲ್ಲಿ ಅದನ್ನು ರಿಟ್ರೀಟ್ ಎನ್ನುತ್ತಿದ್ದರು. ನನಗೆ ಒಳಗೊಳಗೇ ನಗು. ಬೆಳಗಾವಿಯ ನನ್ನ ಕಾನ್ವೆಂಟಿನಲ್ಲಿ ರಿಟ್ರೀಟ್ ಎಂದರೆ ಸಿಸ್ಟರುಗಳು ಮೂರು ದಿನ ಬಾಯಿ ಬಿಡದೆ, ನೆಲ ನೋಡಿಕೊಂಡು ಓಡಾಡುವುದು. ನಮ್ಮ ಮಾಸ್ತರುಗಳು ಮೂರು ನಿಮಿಷ ಸುಮ್ಮನಿದ್ದರೆ ದೊಡ್ಡದು.

ನನ್ನನ್ನು ಇದರಲ್ಲಿ ಎಳೆದದ್ದು ಲಾಡಕೀಬಾಯಿಯ ಪರಿಚಯ. ವಾರಲಿ ಹೆಂಗಸು, ಎಪ್ಪತ್ತು ದಾಟಿರಬೇಕು. ಭಾಂಡುಪಿನ ಗುಡ್ಡದ ಮೇಲೆ ಅವರ ಪಾಡಾ. ಹನ್ನೆರಡು ಗುಡಿಸಲುಗಳ ಪುಟ್ಟ ಹಟ್ಟಿ. ವಾರಕ್ಕೆರಡು ಸಲ ನಮ್ಮ ಸ್ಟೇಶನ್ನಿನ ಹೊರಗೆ ಮುತ್ತುಗದ ಎಲೆ, ಸೊಪ್ಪು ಮಾರಲು ಬರುತ್ತಿದ್ದಳು. ನನ್ನ ಬೆಳಗಾವಿ ಮರಾಠಿಗೂ ಅವಳ ಮಾತಿಗೂ ಅಜಗಜಾಂತರ, ಆದರೂ ಹೇಗೋ ಕೂಡಿಬರುತ್ತಿತ್ತು. ಅವಳ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಪಾಡಾದಲ್ಲಿ ಅವಳು ಹೂಂ ಅಂದರೆ ಎಲ್ಲರೂ ಹೂಂ.

ಜೂನಿನ ಮೊದಲ ಮಳೆ ಬಿದ್ದ ವಾರವೇ ಶಾಂತಾಬಾಯಿ, ಇವರು ಮತ್ತು ನಾನು ಒಪ್ಪಿಗೆ ಕೇಳಲು ಹೋದೆವು. ಊರಿಗೆ ನೀರು ಒಯ್ಯುವ ದೊಡ್ಡ ಪೈಪಿನ ಪಕ್ಕದಲ್ಲೇ ದಾರಿ. ಪೈಪು ಆನೆಯ ಹೊಟ್ಟೆಯಷ್ಟು ದಪ್ಪ. ಅದು ಪಾಡಾದ ಬುಡದಲ್ಲೇ ಹಾದುಹೋಗಿದ್ದರೂ ಅಲ್ಲಿನ ಹೆಂಗಸರು ಒರತೆಗೆ ಇಳಿದು ಚಿಪ್ಪಿನಿಂದ ನೀರು ಮೊಗೆಯುತ್ತಿದ್ದರು. ಅದನ್ನು ನೋಡಿದಾಗಿನಿಂದ ಬೆಳಗಿನ ನಲ್ಲಿಯ ಸದ್ದು ನನಗೆ ಮೊದಲಿನಂತೆ ಕೇಳಿಸಿಲ್ಲ.

ಅವರು ಮೂವರೂ ಜಗುಲಿಯಲ್ಲಿ ಮಾತಾಡುತ್ತಿದ್ದಾಗ ನಾನು ಹಿಂದಿನ ಇಳಿಜಾರಿಗೆ ಹೋದೆ. ತೊಯ್ದ ಮಣ್ಣಿನಿಂದ ಎಳೆಯ ಹಸಿರು ಎಲೆಗಳು ಬೆರಳುದ್ದ ಎದ್ದಿದ್ದವು. ಅಲ್ಲಿಯವರು ಕೋಳಿ ಭಾಜಿ ಎನ್ನುವ ಸೊಪ್ಪು; ನಮ್ಮ ಕೋಳಿಗೂ ಅದಕ್ಕೂ ಸಂಬಂಧವಿಲ್ಲ. ಹಿಂದಿನ ವರ್ಷ ಲಾಡಕೀಬಾಯಿಯಿಂದಲೇ ಒಂದು ಕಟ್ಟು ಕೊಂಡು ಮಾಡಿದ್ದೆ. ಇಷ್ಟು ಬಿದ್ದಿದೆ, ಯಾರೂ ಮುಟ್ಟಿಲ್ಲ! ಸಂಸಾರ ಮಾಡುವ ಹೆಂಗಸಿನ ಕೈ ಸುಮ್ಮನಿರುತ್ತದೆಯೇ? ಸೆರಗು ಒಡ್ಡಿ ಬೇರುಸಮೇತ ಕಿತ್ತೆ. ಬಿಳಿ ಬೇರುಗಳು ಸಣ್ಣ ಮೂಲಂಗಿಯ ಹಾಗೆ ಗೊಂಚಲು ಗೊಂಚಲು. ಶಿಬಿರಕ್ಕೆ ಹೂಂ ಎಂದಿದ್ದ ಲಾಡಕೀಬಾಯಿ ಹೊರಡುವಾಗ ನನ್ನ ಸೆರಗನ್ನು ನೋಡಿದಳು. ಏನೂ ಅನ್ನಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಅವತ್ತೇ ಬೇಳೆ ಹಾಕಿ ಪಲ್ಯ ಮಾಡಿದೆ. ಗೌರಕ್ಕನಿಗೂ ಒಂದು ಬಟ್ಟಲು ಕೊಟ್ಟೆ. ಜೋಳದ ಭಕ್ರಿಯ ಜೊತೆ ತಿಂದು ಹೊಗಳಿದ್ದೇ ಹೊಗಳಿದ್ದು. ಕಡಿದ ಬೇರುಗಳನ್ನು ಚೆಲ್ಲಲು ಮನಸ್ಸಾಗದೆ ತುಪ್ಪದ ಡಬ್ಬಿಗೆ ಮಣ್ಣು ತುಂಬಿ ಅದರಲ್ಲಿ ಒತ್ತಿಟ್ಟೆ.

ಮರುವಾರ ಸ್ಟೇಶನ್ನಿಗೆ ಲಾಡಕೀಬಾಯಿ ಬರಲಿಲ್ಲ. ಅವಳ ಜಾಗದಲ್ಲಿ ಸೊಸೆ ಸೋಮೀ ಕೂತಿದ್ದಳು. ನಾನು ಎಲೆಯ ಕಟ್ಟಿಗೆ ಕೈ ಚಾಚಿದರೆ ಅವಳು ಕಟ್ಟನ್ನು ತನ್ನತ್ತ ಎಳೆದುಕೊಂಡಳು.

"ಬಾಯಿ, ಆ ಸೊಪ್ಪು ನೀವು ತಿಂದಿರಾ?"

"ತಿಂದೆವು. ಯಾಕೆ?"

ಸೋಮೀ ಹೇಳಿದ್ದು ಇಷ್ಟು. ಮೊದಲ ಮಳೆಗೆ ಎದ್ದ ಆ ಸೊಪ್ಪನ್ನು ಪಾಡಾದಲ್ಲಿ ಯಾರೂ ಮುಟ್ಟುವುದಿಲ್ಲ. ಎಲೆ ಬಲಿತು ಬೇರು ಗಟ್ಟಿಯಾಗುವವರೆಗೆ ಕಾಯುತ್ತಾರೆ. ಆಮೇಲೆ ಒಂದು ದಿನ ಗೊತ್ತುಮಾಡಿ, ಮೊದಲ ಹಿಡಿ ದೇವಿಗೆ ಇಟ್ಟು, ಹನ್ನೆರಡು ಮನೆಯವರೂ ಒಟ್ಟಿಗೆ ತಿನ್ನುತ್ತಾರೆ. ಅದಕ್ಕೆ ಮೊದಲು ಹಸಿದ ಮಗುವಿಗೂ ಇಲ್ಲ. ಆ ವರ್ಷ ಅಕ್ಕಿ ತುಟ್ಟಿ, ಮಕ್ಕಳು ಹಸಿದೇ ಇದ್ದರು; ಆದರೂ ಕಾಯುತ್ತಿದ್ದರು. ನಾನು ಅವರೆಲ್ಲರಿಗಿಂತ ಮೊದಲು ತಿಂದಿದ್ದೆ. ಅದೂ ಬೇರು ಬಿಡದೆ.

"ಅತ್ತೆ ಹೇಳಿದಳು," ಸೋಮೀ ನೆಲ ನೋಡಿಕೊಂಡೇ ಅಂದಳು, "ಕಾಯಲು ಬಾರದವರು ಇಲ್ಲಿಗೆ ಬಂದು ಏನು ಕಲಿಯುತ್ತಾರೆ? ಬರುವುದು ಬೇಡ ಅಂತ ಹೇಳು."

ನಾನು ಹೇಗೆ ಮನೆಗೆ ಬಂದೆನೋ. ಇವರಿಗೆ ಹೇಳಿದೆ. ಇವರು ಬೈಯುವವರಲ್ಲ, ಬೈದಿದ್ದರೆ ಚೆನ್ನಾಗಿತ್ತು. ಶಿಬಿರಕ್ಕೆಂದು ಬರೆದಿಟ್ಟ ನೋಟ್‌ಬುಕ್ಕನ್ನು ಟ್ರಂಕಿನ ಮೇಲೆ ಎತ್ತಿಟ್ಟು, "ಸೊಪ್ಪಿನ ಸಲುವಾಗಿ ಹೋತಲ್ಲ," ಎಂದಷ್ಟೇ ಅಂದರು. ಶಾಂತಾಬಾಯಿ ಮಾತ್ರ, "ತಪ್ಪಾಯ್ತು ಅಂತ ಹೇಳಿದ್ರೆ ಆಯ್ತಪ್ಪ. ಅದಕ್ಕೆಂತ ಅಳುದು?" ಎಂದರು. ಅಷ್ಟು ಸುಲಭವಾಗಿರಲಿಲ್ಲ. ಸೋಮೀ ಬಂದಾಗಲೆಲ್ಲ ಅವಳ ಪಕ್ಕ ಹೋಗಿ ನಿಂತೆ. ಒಮ್ಮೆ ಹೊಸ ಸೀರೆ ಒಯ್ದೆ, ಮುಟ್ಟಲಿಲ್ಲ. ಇನ್ನೊಮ್ಮೆ ಬಾಳೆಹಣ್ಣು; ಅದನ್ನೂ ಮುಟ್ಟಲಿಲ್ಲ. ಜುಲೈ ಇಡೀ ಮಳೆ ಸುರಿಯಿತು, ಹಳಿಗಳ ಮೇಲೆ ನೀರು ನಿಂತು ಲೋಕಲ್ಲುಗಳು ನಿಂತವು, ಗೋಡೆಗಳು ಬೂಸಲು ಹಿಡಿದವು. ಒಂದು ದಿನ ಬಟ್ಟೆ ಒಣಹಾಕಲು ಹೋದವಳು ಡಬ್ಬಿಯಲ್ಲಿ ಹಸಿರು ಚುಕ್ಕಿ ಕಂಡೆ. ಬಗ್ಗಿ ನೋಡಿದೆ. ಕಡಿದ ಬೇರುಗಳಲ್ಲಿ ಏಳು ಚಿಗುರಿದ್ದವು.

ಮರುದಿನ ಸೋಮೀಗೆ ಹೇಳಿದೆ. ನಾನು ಏನನ್ನೂ ಬೇಡಲಿಲ್ಲ, ಕಿತ್ತ ಬೇರುಗಳಲ್ಲಿ ಏಳು ಬದುಕಿವೆ ಎಂದಷ್ಟೇ ಹೇಳಿದೆ. ಮೂರು ದಿನದ ಮೇಲೆ ಉತ್ತರ ಬಂತು. "ಎಲ್ಲರೂ ಬರಲಿ. ಆ ಬಾಯಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ಬರಬೇಕು. ಆಮೇಲೆ ನೋಡೋಣ."

ಶಿಬಿರ ನಡೆಯುತ್ತದೆಯೋ, ಹದಿನಾಲ್ಕು ಮಂದಿ ಪಾಡಾದ ಬಾಗಿಲಿನಿಂದಲೇ ತಿರುಗಿ ಬರುತ್ತಾರೋ, ಅದು ನನ್ನ ಮೇಲಿತ್ತು. ಉಳಿದ ಮಾಸ್ತರುಗಳಿಗೆ ಇದಾವುದೂ ತಿಳಿದಿರಲಿಲ್ಲ. ಲೋಕಲ್ಲಿನ ಹೆಂಗಸರ ಬೋಗಿಯಲ್ಲಿ ಶಾಂತಾಬಾಯಿ ನನಗೆ ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟರು. ಭಾಂಡುಪಿನಲ್ಲಿ ಇಳಿದಾಗ ಡ್ರಾಯಿಂಗ್ ಮಾಸ್ತರ್ ಹಿರೇಮಠರು, "ಏನ್ ವೈನಿ, ಗೌರಿ ಹಬ್ಬಕ್ಕ ಕಳಸ ಹಿಡದಂಗ ಹಿಡದೀರಿ! ಹಾಡೂ ಹೇಳ್ತೀರೇನು?" ಎಂದು ಎಲ್ಲರನ್ನೂ ನಗಿಸಿದರು. ಇವರು ನಗಲಿಲ್ಲ. ಪೈಪಿನ ದಾರಿಯಲ್ಲಿ ಹತ್ತುವಾಗ ಹಿಂದಿನಿಂದ ಬಂದು, "ಭಾರ ಆಗೇದೇನು? ಕೊಡು," ಎಂದರು. "ಬ್ಯಾಡ," ಎಂದೆ.

ಲಾಡಕೀಬಾಯಿ ಜಗುಲಿಯಲ್ಲಿ ಕಾಲು ನೀಡಿ ಕೂತು ಎಲೆಗಳನ್ನು ಕಡ್ಡಿಯಿಂದ ಪೋಣಿಸುತ್ತಿದ್ದಳು. ನಾನು ಡಬ್ಬಿ ಮುಂದಿಟ್ಟೆ. ಅವಳು ಮಣ್ಣಿನೊಳಗೆ ಬೆರಳು ಹಾಕಿ ಒಂದೊಂದು ಬುಡವನ್ನೂ ಒತ್ತಿ ನೋಡಿದಳು.

"ಏಳು," ಎಂದಳು. "ಕಿತ್ತದ್ದು ಎಷ್ಟು?"

"ನಲವತ್ತಾದರೂ ಇರಬೇಕು."

"ಮಿಕ್ಕವು?"

"ಸತ್ತವು."

"ನೀರು ಯಾರು ಹಾಕಿದರು?"

"ನಾನೇ. ನಲ್ಲಿ ನೀರು."

ಅವಳ ಮುಖದಲ್ಲಿ ಮೊದಲ ಸಲ ಏನೋ ಸಡಿಲವಾಯಿತು. ಕೆಳಗಿನ ಪೈಪಿನತ್ತ ಗದ್ದ ಎತ್ತಿ ತೋರಿಸಿ, "ಹಾಗಾದರೆ ಇಲ್ಲಿಂದ ಹೋದ ನೀರೇ. ಪರವಾಗಿಲ್ಲ, ಅವಕ್ಕೆ ಗುರುತು ಸಿಕ್ಕಿರುತ್ತದೆ," ಎಂದು ಎದ್ದಳು.

ಇಳಿಜಾರಿಗೆ ಇಳಿಯುವ ಮುಂಚೆ, ಮರದ ಬುಡದಲ್ಲಿ ಸಿಂದೂರ ಬಳಿದ ಒಂದು ಕಲ್ಲಿನ ಮುಂದೆ ನಿಂತಳು. ಕೈ ಮುಗಿಯಲಿಲ್ಲ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಗಟ್ಟಿಯಾಗಿ ಮಾತಾಡಿದಳು. ಇವತ್ತು ನನ್ನ ಮನೆಗೆ ಹೊರಗಿನವರು ಇಷ್ಟು ಮಂದಿ ಬಂದಿದ್ದಾರೆ, ನಮ್ಮವರು ಇಷ್ಟು ಮಂದಿ, ಒಂದು ಹೊತ್ತಿಗೆ ಆಗುವಷ್ಟು ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಬೆರಳು ಮಾಡಿ ಒಬ್ಬೊಬ್ಬರನ್ನೂ ಎಣಿಸಿದಳು. ಕನ್ನಡಕದ ಗಣಿತದ ಮಾಸ್ತರರನ್ನು ಮರೆತು ಮತ್ತೆ ಎಣಿಸಿದಳು. ದೇವರ ಮುಂದೆ ನಾನು ಬೇಡಿದ್ದುಂಟು, ಹರಕೆ ಹೊತ್ತದ್ದುಂಟು. ತೆಗೆದುಕೊಳ್ಳುವುದನ್ನು ಹೀಗೆ ಮೊದಲೇ ಹೇಳಿ ತೆಗೆದುಕೊಂಡದ್ದಿಲ್ಲ.

ನಾನು ಜೂನಿನಲ್ಲಿ ಕಿತ್ತ ಜಾಗ ಹಾಗೇ ಇತ್ತು. ಸುತ್ತಲೂ ಕೋಳಿ ಭಾಜಿಯ ಗಿಡಗಳು ಬಿಳಿ ಹೂವಿನ ಕಡ್ಡಿ ಎತ್ತಿ ನಿಂತಿದ್ದವು. ನಡುವೆ ಒಂದು ಚಾಪೆಯಷ್ಟು ಜಾಗದಲ್ಲಿ ಬರೀ ಮಣ್ಣು, ಮಳೆ ಕೊರೆದ ಸಣ್ಣ ಕಾಲುವೆ. ಲಾಡಕೀಬಾಯಿ ನನ್ನ ಕೈಗೆ ಗುದ್ದಲಿ ಕೊಟ್ಟು ಮಾಸ್ತರುಗಳ ಕಡೆ ತಿರುಗಿದಳು.

"ಈ ಬಾಯಿ ಇವನ್ನು ಸಾಕಿ ತಂದಿದ್ದಾಳೆ. ಹೇಗೆ ನೆಡುತ್ತಾಳೆ ನೋಡಿ. ಮೊದಲ ಪಾಠ ಇದು."

ನಾನು ಬೆಚ್ಚಿಬಿದ್ದೆ. ಎಲ್ಲರ ಎದುರು ಬೈಯುತ್ತಾಳೆಂದುಕೊಂಡು ನಾನು ಬಂದಿದ್ದರೆ, ಅವಳು ನನ್ನ ತಪ್ಪನ್ನು ಮುಚ್ಚಿಟ್ಟಿದ್ದಳು. ಹಿರೇಮಠರು, "ಶಾಬ್ಬಾಸ್ ವೈನಿ!" ಎಂದು ಚಪ್ಪಾಳೆಯನ್ನೂ ತಟ್ಟಿದರು. ಅಲ್ಲಿಗೆ ಸುಮ್ಮನಿದ್ದರೆ ಎಲ್ಲ ಸುಸೂತ್ರ. ಆದರೆ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು, ಯಾರು ಮಾಡಿದ್ದು ಎಂದು ಎಂದೂ ಕೇಳುತ್ತಿರಲಿಲ್ಲ. ಮಾಡಿದವರು ಎದ್ದು ನಿಲ್ಲಿ ಎಂದು ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ನಿಂತಿರಲಿಲ್ಲ.

ಕೂತು ಮಣ್ಣು ಅಗೆಯುತ್ತಿದ್ದವಳು ಎದ್ದು ನಿಂತೆ. "ಇಲ್ಲಿ ಕಿತ್ತಾಕಿನೂ ನಾನ," ಎಂದೆ. "ಇವರ ಮಕ್ಕಳು ಹಸದು ಕಾಯ್ತಿದ್ರು. ನಾ ಕೇಳಲಿಲ್ಲ, ಕಾಯಲಿಲ್ಲ, ಬೇರುಸಮೇತ ಒಯ್ದು ಪಲ್ಯಾ ಮಾಡಿ ತಿಂದೆ. ನಲವತ್ತರಾಗ ಏಳ ಉಳದಾವ." ಅದನ್ನೇ ಮತ್ತೆ ಮರಾಠಿಯಲ್ಲಿ ಪಾಡಾದ ಹೆಂಗಸರಿಗೆ ಹೇಳಿದೆ.

ಹಿರೇಮಠರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಲಾಡಕೀಬಾಯಿ ನನ್ನನ್ನು ಒಂದು ಗಳಿಗೆ ನೋಡಿ, "ಅಷ್ಟು ಆಳ ಬೇಡ, ಎರಡು ಬೆರಳು ಸಾಕು," ಎಂದಳು. ಇವರು ಬಂದು ನನ್ನ ಪಕ್ಕ ಮೊಣಕಾಲೂರಿ ಕೂತು, ಒಂದೊಂದೇ ಗಿಡವನ್ನು ಡಬ್ಬಿಯಿಂದ ಬಿಡಿಸಿ ಕೊಟ್ಟರು.

ಆಮೇಲಿನದು ನಿಜವಾದ ಶಾಲೆ. ಅವಳು ಊಟಕ್ಕೆಂದು ಟಾಕಳಾ ಎಂಬ ಕಾಡುಸೊಪ್ಪಿನ ಎಲೆಯನ್ನು ಎರಡು ಬೆರಳಲ್ಲಿ ಚಿವುಟುತ್ತಿದ್ದ ರೀತಿಗೆ ಗಿಡ ಅಲ್ಲಾಡುತ್ತಲೂ ಇರಲಿಲ್ಲ. ಒಂದು ಬುಡ ಚಿವುಟಿದರೆ ಪಕ್ಕದ ಎರಡನ್ನು ಬಿಟ್ಟು ಮುಂದೆ. ಇವರು ಒಂದು ಬಳ್ಳಿಯ ಲ್ಯಾಟಿನ್ ಹೆಸರು ಹೇಳಿದರು. ಅವಳು ಗಂಭೀರವಾಗಿ ಕೇಳಿಸಿಕೊಂಡು, "ಇದು ಯಾವ ಮಳೆಗೆ ಏಳುತ್ತದೆ?" ಎಂದಳು. ಇವರಿಗೆ ಗೊತ್ತಿರಲಿಲ್ಲ. "ಯಾವ ಹುಳ ಇದನ್ನು ಮೊದಲು ತಿನ್ನುತ್ತದೆ?" ಗೊತ್ತಿರಲಿಲ್ಲ. "ಹೆಸರು ಚೆನ್ನಾಗಿದೆ," ಎಂದಳು. ಹನ್ನೆರಡು ವರ್ಷದ ಸಂಸಾರದಲ್ಲಿ ಇವರು ಅಷ್ಟು ಮನಸಾರೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಟ್ರಂಕಿನ ಮೇಲಿಂದ ಇಳಿದ ನೋಟ್‌ಬುಕ್ ಅಂದು ಅರ್ಧ ತುಂಬಿತು. ಹಿರೇಮಠರು ಸೋಮೀಯ ಗೋಡೆಯ ಮುಂದೆ ಕೂತವರು ಏಳಲೇ ಇಲ್ಲ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನಿಂದ ಅವಳು ಬರೆದ ಸಾಲು ಸಾಲು ಜನ ಭತ್ತ ನೆಡುತ್ತಿದ್ದರು. "ನಾ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಮೂಗು ಸರಿ ತಗೀರಿ ಅಂತ ಬಡದೀನಿ," ಎಂದರು ನನಗೆ. "ಇಲ್ಲಿ ಒಬ್ಬರಿಗೂ ಮೂಗಿಲ್ಲ. ಆದ್ರ ಬೆವರು ಕಾಣಸ್ತೈತಿ ನೋಡ್ರಿ ವೈನಿ."

ಊಟಕ್ಕೆ ನಾಚಣಿ ಎನ್ನುವ ರಾಗಿಯ ಭಕ್ರಿ, ಟಾಕಳಾ ಸೊಪ್ಪು, ಒಣಮೀನು ಬೇಡವೆಂದವರಿಗೆ ಬೆಳ್ಳುಳ್ಳಿ ಚಟ್ನಿ. ಮಾಸ್ತರುಗಳು ಸಾಲಾಗಿ ಕೂತರು. ನಾನೂ ಶಾಂತಾಬಾಯಿಯ ಪಕ್ಕ ಕೂರಲು ಹೋದೆ. ಲಾಡಕೀಬಾಯಿ ನನ್ನ ಮೊಣಕೈ ಹಿಡಿದು ಒಲೆಯ ಕಡೆ ಕರೆದೊಯ್ದು ಸೋಮೀಯ ಪಕ್ಕ ಕೂರಿಸಿದಳು. ಅತಿಥಿಗಳು ತಿಂದರು, ಮಕ್ಕಳು ತಿಂದರು, ಗಂಡಸರು ತಿಂದರು. ಹೊಗೆಗೆ ನನ್ನ ಕಣ್ಣು ಉರಿಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಪಾತ್ರೆಯ ತಳ ಕಾಣುತ್ತಾ ಬಂದ ಹಾಗೆ, ನನಗೆ ಉಳಿಯುತ್ತದೆಯೇ ಎಂದು ನಾಚಿಕೆಯಿಲ್ಲದೆ ಇಣುಕಿದೆ. ಸೋಮೀ ಅದನ್ನು ಕಂಡು ಬಾಯಿಗೆ ಸೆರಗು ಅಡ್ಡ ಹಿಡಿದಳು. ಕಡೆಗೆ ಎಲ್ಲರ ಕೈ ತೊಳೆದಾದ ಮೇಲೆ ಲಾಡಕೀಬಾಯಿ ಬಂದು ಕೂತಳು. ನಮ್ಮ ಮೂವರು ಹೆಂಗಸರ ಎಲೆಗೆ ಸೊಪ್ಪು ಸರಿಯಾಗಿ ಬಂತು. ಒಂದು ಚಮಚ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆಳಿಗ್ಗೆ ಕಲ್ಲಿನ ಮುಂದೆ ಎಣಿಸುವಾಗ ಅವಳು ನನ್ನನ್ನು ತನ್ನ ಮನೆಯವರ ಸಾಲಿನಲ್ಲಿ ಎಣಿಸಿದ್ದಳಂತೆ. ಅದನ್ನು ಹೇಳಿದ್ದು ಸೋಮೀ. ಅಷ್ಟು ರುಚಿಯಾದ ಊಟ ನಾನು ಮತ್ತೆ ಉಂಡಿಲ್ಲ.

ಹೊರಡುವಾಗ ಶಾಂತಾಬಾಯಿ ವಂದನಾರ್ಪಣೆಗೆ ಎದ್ದು, ಎರಡು ಮಾತಾಡಿ, ಮೂರನೆಯದು ಸಿಗದೆ ಕೊಡೆ ಕೈಗೆತ್ತಿಕೊಂಡರು. ಲಾಡಕೀಬಾಯಿ ನನಗೆ, "ಮುಂದಿನ ಮಳೆಗೆ ದಿನ ಗೊತ್ತಾದಾಗ ಸೋಮೀ ಹೇಳುತ್ತಾಳೆ. ಅವತ್ತು ಬಾ," ಎಂದಳು. ಪೈಪಿನ ದಾರಿಯಲ್ಲಿ ಇಳಿಯುವಾಗ ಹದಿನಾಲ್ಕು ಮಂದಿ ಮಾಸ್ತರುಗಳೂ ಸುಮ್ಮನಿದ್ದರು. ನನ್ನ ಸಿಸ್ಟರುಗಳು ನೋಡಿದ್ದರೆ ಮೆಚ್ಚುತ್ತಿದ್ದರು.

ಘಾಟ್ಕೋಪರ್ ತಲುಪಿದಾಗ ದೀಪ ಹಚ್ಚುವ ಹೊತ್ತು. ಮಳೆ ನಿಂತು ಗ್ಯಾಲರಿಯ ಕಂಬಿಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ನಾನು ಖಾಲಿ ಡಬ್ಬಿಯನ್ನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದೆ. ಉಗುರುಗಳ ಸಂದಿಯಲ್ಲಿ ಇನ್ನೂ ಕೆಮ್ಮಣ್ಣು. ಗೌರಕ್ಕ ಅಕ್ಕಿಯ ಮೊರ ಹಿಡಿದು ಹೊರಗೆ ಬಂದವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ಅಯ್ಯ, ಎಲ್ಲಾ ಅಲ್ಲೇ ಕೊಟ್ಟು ಬಂದ್ರೇನು?" ಎಂದು ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಕೆಳಗೆ ಎಸೆದರು. "ಇನ್ನೊಂದ ಎಂಟ ದಿನಾ ಬಿಟ್ಟಿದ್ರ ಚೊಲೋ ಉಳ್ಳಾಗಡ್ಡಿ ಆಗ್ತಿದ್ವಲ್ರೀ ವೈನಿ. ನಿಮಗ ಕಾಯೂದಽ ಗೊತ್ತಿಲ್ಲ ನೋಡ್ರಿ."